ಬಿಪಿ ಇರುವ ಮನೆಯಲ್ಲಿ ಲೋ ಸೋಡಿಯಂ ಉಪ್ಪು ಬಳಸಬಹುದಾ?

ಪ್ರಶ್ನೆ (ಪಾಂಡವಪುರದಿಂದ):
ನಮಸ್ತೆ ಮೇಡಂ. ಲೋ ಸೋಡಿಯಂ ಉಪ್ಪು ತಿಂದರೆ ಸ್ಟ್ರೋಕ್ ಕಡಿಮೆಯಾಗುತ್ತೆ ಅಂತ ಚೀನಾದಲ್ಲಿ ಕಂಡುಹಿಡಿದಿದ್ದಾರಂತೆ. ವಾಟ್ಸಾಪ್‌ನಲ್ಲಿ ಬಂದಿತ್ತು. ನಮ್ಮ ತಂದೆಗೆ 63 ವರ್ಷ. ಬಿಪಿಗೆ ಟೆಲ್ಮಿಸಾರ್ಟನ್ ಮಾತ್ರೆ ತಗೊಳ್ತಾರೆ, ಶುಗರ್ ಕೂಡ ಇದೆ. ಮನೇಲಿ ಅಜ್ಜಿ, ನಾವು ಗಂಡ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ಎಲ್ಲರಿಗೂ ಒಂದೇ ಅಡುಗೆ. ಒಂದು ಪ್ಯಾಕೆಟ್ ತಂದಿಟ್ಟಿದ್ದೀನಿ, ಇನ್ನೂ ಒಡೆದಿಲ್ಲ. ಬಳಸಬಹುದಾ?

ಉತ್ತರ (ಡಾಕ್ಟರ್, ಮಂಡ್ಯ):
ಒಡೆಯುವ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಸದ್ಯಕ್ಕೆ ಒಡೆಯಬೇಡಿ. ಯಾಕೆ ಅಂತ ಹೇಳುತ್ತೇನೆ.

ಸುದ್ದಿ ಸುಳ್ಳಲ್ಲ. 2021ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ ಅದು. ಚೀನಾದ 600 ಹಳ್ಳಿ, ಸುಮಾರು 21 ಸಾವಿರ ಜನ. ಅವರಲ್ಲಿ ಹೆಚ್ಚಿನವರಿಗೆ ಆಗಲೇ ಒಂದು ಸಲ ಸ್ಟ್ರೋಕ್ ಆಗಿತ್ತು. ಉಳಿದವರು 60 ದಾಟಿದವರು, ಬಿಪಿ ಹಿಡಿತಕ್ಕೆ ಬಾರದವರು. ಅರ್ಧ ಹಳ್ಳಿಗಳಿಗೆ ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡ್, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಕೊಟ್ಟರು. ಉಳಿದ ಹಳ್ಳಿಯವರು ಮಾಮೂಲಿ ಉಪ್ಪನ್ನೇ ತಿಂದರು. ಹತ್ತಿರ ಹತ್ತಿರ ಐದು ವರ್ಷ ನೋಡಿದರು. ಮಾಮೂಲಿ ಉಪ್ಪಿನವರಲ್ಲಿ ವರ್ಷಕ್ಕೆ ಸಾವಿರ ಜನಕ್ಕೆ ಸುಮಾರು 34 ಸ್ಟ್ರೋಕ್ ಆದರೆ, ಬದಲಿ ಉಪ್ಪಿನವರಲ್ಲಿ 29. ಸಾವು ಕೂಡ ಶೇ 12ರಷ್ಟು ಕಡಿಮೆ. ಬರೀ ಉಪ್ಪಿನ ಡಬ್ಬಿ ಬದಲಾಯಿಸಿ ಇಷ್ಟು ಜೀವ ಉಳಿಯುತ್ತದೆ ಅಂದರೆ ನನ್ನ ಮಟ್ಟಿಗೆ ಇದು ದೊಡ್ಡ ವಿಷಯ. ತೆಲಂಗಾಣದ ಹಳ್ಳಿಗಳಲ್ಲೂ ಬಿಪಿ ಇರುವ 502 ಜನರ ಮೇಲೆ ಮೂರು ತಿಂಗಳು ಇಂಥದ್ದೇ ಪರೀಕ್ಷೆ ನಡೆದಿದೆ. ಅಲ್ಲಿ ಮೇಲಿನ ಬಿಪಿ ಸರಾಸರಿ 4.6ರಷ್ಟು ಇಳಿಯಿತು.

ನಮ್ಮ ಕಡೆಗೂ ಇದು ಒಗ್ಗುವ ವಿಷಯವೇ. ನಾವು ತಿನ್ನುವ ಉಪ್ಪಿನಲ್ಲಿ ಜಾಸ್ತಿ ಪಾಲು ಮನೆ ಅಡುಗೆಯಲ್ಲೇ ಬೀಳುತ್ತದೆ. ಉಪ್ಸಾರನ್ನೇ ನೋಡಿ. ಕಾಳು, ಸೊಪ್ಪು ಬೇಯಿಸಿದ ಕಟ್ಟಿಗೆ ಉಪ್ಪು. ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಹಾಕಿ ರುಬ್ಬುವ ಖಾರಕ್ಕೆ ಮತ್ತೆ ಕಲ್ಲುಪ್ಪು. ಅದನ್ನು ತಟ್ಟೆ ಅಂಚಿಗೆ ಇಟ್ಟುಕೊಂಡು ಮುದ್ದೆ ಮುಗಿಯುವಷ್ಟರಲ್ಲಿ ಎರಡು ಸಲ ಹಾಕಿಸಿಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ. ಒಂದು ಟೀ ಚಮಚವೂ ತುಂಬುವುದಿಲ್ಲ.

ಈಗ ಪೊಟ್ಯಾಸಿಯಂ ವಿಷಯ. ಲೋ ಸೋಡಿಯಂ ಉಪ್ಪಿನಲ್ಲಿ ಒಂದಿಷ್ಟು ಸೋಡಿಯಂ ಬದಲು ಇರುವುದು ಅದೇ. ಸೋಡಿಯಂ ಹೊರಹಾಕಲು ಅದು ಕಿಡ್ನಿಗೆ ನೆರವಾಗುತ್ತದೆ, ರಕ್ತನಾಳ ಸಡಿಲ ಮಾಡುತ್ತದೆ. ಆದರೆ ಜಾಸ್ತಿಯಾದ ಪೊಟ್ಯಾಸಿಯಂ ಹೊರಗೆ ಹೋಗಬೇಕಾದದ್ದೂ ಕಿಡ್ನಿ ಮೂಲಕವೇ. ಕಿಡ್ನಿ ಸೋತಿದ್ದರೆ ಅದು ರಕ್ತದಲ್ಲೇ ಉಳಿಯುತ್ತದೆ. ತೀರಾ ಏರಿದರೆ ಹೃದಯದ ಬಡಿತ ತಪ್ಪುತ್ತದೆ, ನಿಂತೂ ಹೋಗಬಹುದು. ಮೊದಲೇ ಸೂಚನೆ ಸಿಗುತ್ತದೆ ಅಂತ ನಂಬಬೇಡಿ.

ಚೀನಾದಲ್ಲಿ ಆ ತೊಂದರೆ ಹೆಚ್ಚಾಗಲಿಲ್ಲ, ನಿಜ. ಆದರೆ ಕಿಡ್ನಿ ಕಾಯಿಲೆ ಜೋರಾಗಿದೆ ಅಂತ ಗೊತ್ತಿದ್ದವರನ್ನು ಅವರು ಸೇರಿಸಿಕೊಂಡಿರಲೇ ಇಲ್ಲ. ಮನೆಯಲ್ಲಿ ಅಂಥವರು ಒಬ್ಬರಿದ್ದರೂ ಬೇಡ ಅಂದಿದ್ದರು. ಒಂದೇ ಪಾತ್ರೆಯ ಸಾರು ಎಲ್ಲರೂ ಉಣ್ಣುತ್ತಾರಲ್ಲ, ಅದಕ್ಕೇ. ಫಾರ್ವರ್ಡ್ ಮೆಸೇಜುಗಳಲ್ಲಿ ಈ ಮಾತು ಬಿಟ್ಟುಹೋಗುತ್ತದೆ. ನನಗೆ ಭಯ ಇರುವುದೇ ಇಲ್ಲಿ. ಕಿಡ್ನಿ ಅರ್ಧ ಹಾಳಾದರೂ ಎಷ್ಟೋ ಜನಕ್ಕೆ ನೋವಿಲ್ಲ, ಊತವಿಲ್ಲ, ಏನೂ ಗೊತ್ತಾಗುವುದಿಲ್ಲ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪ್ಪಿನ ಪರವಾಗಿ ಸಲಹೆ ಕೊಟ್ಟಾಗಲೂ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಮಕ್ಕಳನ್ನು ಹೊರಗಿಟ್ಟಿತು.

ನಿಮ್ಮ ತಂದೆಗೆ ಶುಗರ್ ಇದೆ, ಅದು ಕಿಡ್ನಿಗೆ ಪೆಟ್ಟು ಕೊಡುವ ಕಾಯಿಲೆ. ಟೆಲ್ಮಿಸಾರ್ಟನ್ ಒಳ್ಳೆಯ ಮಾತ್ರೆ, ಆದರೆ ಪೊಟ್ಯಾಸಿಯಂ ಸ್ವಲ್ಪ ಏರಿಸುತ್ತದೆ. ಮಾತ್ರೆ ಮಾತ್ರ ಖಂಡಿತ ನಿಲ್ಲಿಸಬೇಡಿ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಪರೀಕ್ಷೆ, ಕಿಡ್ನಿ ಸೋತರೆ ಇದು ಏರುತ್ತದೆ) ಮತ್ತು ಪೊಟ್ಯಾಸಿಯಂ ಎರಡನ್ನೂ ಮಾಡಿಸಿ. ಅಜ್ಜಿಗೂ ಮಾಡಿಸಿ. ಅವರು ಯಾವ ಮಾತ್ರೆ ತಗೊಳ್ಳುತ್ತಾರೆ?

ಪಾಂಡವಪುರದವರು:
ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಕೊಡೋ ಮಾತ್ರೆ ಮೇಡಂ. ದಿನಾ ಒಂದು ಬೇಕೇ ಬೇಕು ಅವರಿಗೆ. ನಾಳೆನೇ ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ.

ಮೈಸೂರಿನಿಂದ ಒಬ್ಬರು:
ನಾವು ಇಂದುಪ್ಪು ಬಳಸ್ತೀವಿ ಡಾಕ್ಟರೇ. ಅದು ಬಿಪಿಗೆ ಒಳ್ಳೇದು ಅಲ್ವಾ?

ಉತ್ತರ:
ಇಲ್ಲ. ಇಂದುಪ್ಪು, ಪಿಂಕ್ ಸಾಲ್ಟ್, ಕಲ್ಲುಪ್ಪು ಎಲ್ಲದರಲ್ಲೂ ಇರುವುದು ಬಹುಪಾಲು ಸೋಡಿಯಂ ಕ್ಲೋರೈಡೇ. ಬಿಪಿ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಅಯೋಡಿನ್ ಹಾಕಿದ್ದಾರಾ ಅಂತ ಪ್ಯಾಕೆಟ್ ಮೇಲೆ ನೋಡಿಕೊಳ್ಳಿ.

ಮದ್ದೂರಿನಿಂದ:
ನಮ್ಮ ಮಾವನಿಗೆ ಕಿಡ್ನಿ ತೊಂದರೆ ಇದೆ. ಆ ಉಪ್ಪು ಮುಟ್ಟಲ್ಲ. ಆದರೆ ತೋಟದ್ದೇ ಎಳನೀರು ದಿನಾ ಎರಡು ಕುಡೀತಾರೆ. ತಂಪು ಅಂತ.

ಉತ್ತರ:
ದಯವಿಟ್ಟು ಇವತ್ತೇ ನಿಲ್ಲಿಸಿ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಾ ಇರುತ್ತದೆ. ಕಿಡ್ನಿ ಚೆನ್ನಾಗಿರುವವರಿಗೆ ಅದು ಒಳ್ಳೆಯದು, ನಿಮ್ಮ ಮಾವನಿಗಲ್ಲ. ಬೇಗ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ಅವರನ್ನು ನೋಡುವ ಡಾಕ್ಟರಿಗೆ ಎಳನೀರಿನ ವಿಷಯ ಬಾಯಿಬಿಟ್ಟು ಹೇಳಿ. ಅವರಾಗಿಯೇ ಕೇಳಲಿ ಅಂತ ಕಾಯಬೇಡಿ.

ಪಾಂಡವಪುರದವರು:
ಮೇಡಂ, ರಿಪೋರ್ಟ್ ಬಂತು. ತಂದೆಗೆ ಕ್ರಿಯಾಟಿನಿನ್ 1.1, ಪೊಟ್ಯಾಸಿಯಂ 4.5. ಅಜ್ಜಿಗೆ ಕ್ರಿಯಾಟಿನಿನ್ 1.9, ಪೊಟ್ಯಾಸಿಯಂ 5.3. ತಂದೆಗೆ ಮಾತ್ರ ಬೇರೆ ಡಬ್ಬಿ ಇಟ್ಟರೆ ಆಗಲ್ವಾ?

ಉತ್ತರ:
ತಂದೆಯ ರಿಪೋರ್ಟ್ ಪರವಾಗಿಲ್ಲ, ಆದರೆ ಅಜ್ಜಿಗೆ ಎರಡೂ ಜಾಸ್ತಿ ಇದೆ. ನಿಮ್ಮ ಮನೆಗೆ ಆ ಉಪ್ಪು ಬೇಡ. ಎರಡು ಡಬ್ಬಿ ಇಟ್ಟರೆ ಯಾವತ್ತೋ ಒಂದು ದಿನ ಅವಸರದಲ್ಲಿ ಆ ಉಪ್ಪೇ ಎಲ್ಲರ ಸಾರಿಗೆ ಬೀಳುತ್ತದೆ. ಮಕ್ಕಳೂ ಇದ್ದಾರೆ.

ಅಜ್ಜಿಯನ್ನು ಈ ವಾರವೇ ಕಿಡ್ನಿ ಡಾಕ್ಟರಿಗೆ ತೋರಿಸಿ. ಮಾತ್ರೆಯ ಖಾಲಿ ಶೀಟೂ ತೆಗೆದುಕೊಂಡು ಹೋಗಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಕಿಡ್ನಿಯನ್ನು ಕುಗ್ಗಿಸುತ್ತದೆ, ಪೊಟ್ಯಾಸಿಯಂ ಕೂಡ ಏರಿಸುತ್ತದೆ. ಅಂಥದ್ದೇ ಆಗಿದ್ದರೆ ಈಗಲೇ ನಿಲ್ಲಿಸಿ. ನೋವಿಗೆ ಏನು ಕೊಡಬಹುದು ಅಂತ ಅವರನ್ನೇ ಕೇಳಿ, ಅಂಗಡಿಯಲ್ಲಿ ಕೇಳಬೇಡಿ.

ತಂದೆಗೆ ಮಾಮೂಲಿ ಉಪ್ಪನ್ನೇ ಕಡಿಮೆ ಮಾಡೋಣ. ಉಪ್ಸಾರಿನ ಖಾರವನ್ನು ಉಪ್ಪಿಲ್ಲದೆ ರುಬ್ಬಿ, ಹುಣಸೆಹಣ್ಣು ಒಂದು ಚೂರು ಜಾಸ್ತಿ ಹಾಕಿ. ಮೊಸರನ್ನಕ್ಕೆ ಮೇಲುಪ್ಪು ಬೇಡ. ಉಪ್ಪಿನಕಾಯಿ, ಹಪ್ಪಳ ಹಬ್ಬದ ದಿನಕ್ಕೆ ಸಾಕು. ಮೊದಲ ಎರಡು ವಾರ ಸಪ್ಪೆ ಅಂತಾರೆ, ಆಮೇಲೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಒಂದು ತಿಂಗಳು ಹೀಗೆ ಮಾಡಿ, ವಾರಕ್ಕೆರಡು ಸಲ ಬೆಳಿಗ್ಗೆ ಬಿಪಿ ನೋಡಿ ಬರೆದಿಟ್ಟು ಇಲ್ಲಿ ಹಾಕಿ.