ಅಂಬಾಸಿಡರ್ 1489 ಸಿಸಿ: ಹೊಸ ಕ್ಯಾಮ್‌ಗೆ ಡಿಗ್ರಿ ಹಿಡಿಯಲೇಬೇಕೇ, ಚುಕ್ಕೆಗೆ ಚುಕ್ಕೆ ಸೇರಿಸಿದರೆ ಸಾಲದೇ?

ತುಕ್ಕುಬೋಲ್ಟ್:
ನನ್ನದು 1984ರ ಅಂಬಾಸಿಡರ್, ಪೆಟ್ರೋಲ್. ಇಂಜಿನ್ ಬಿಚ್ಚಿ ನಾಲ್ಕು ತಿಂಗಳಾಯಿತು. ಬೋರ್ 20 ಥೌ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಓವರ್‌ಸೈಜ್, ಕ್ರ್ಯಾಂಕ್ ಗ್ರೈಂಡ್ ಎಲ್ಲ ಮುಗಿದಿದೆ. ಪಿಸ್ಟನ್‌ಗಳು ಒಳಗೆ ಕುಳಿತಿವೆ, ಹೆಡ್ ಇನ್ನೂ ಬೆಂಚಿನ ಮೇಲಿದೆ. ಹಳೆಯ ಕ್ಯಾಮ್‌ಶಾಫ್ಟ್‌ನಲ್ಲಿ ವಾಲ್ವ್ ಎತ್ತುವ ಉಬ್ಬುಗಳಲ್ಲಿ, ಅಂದರೆ ಲೋಬ್‌ಗಳಲ್ಲಿ, ಎರಡು ಸವೆದು ಬೋಳಾಗಿದ್ದವು. ಗ್ರೈಂಡಿಂಗ್ ಅಂಗಡಿಯವರು ತಮ್ಮಲ್ಲಿದ್ದ ಇನ್ನೊಂದು ಶಾಫ್ಟ್‌ಗೆ ಎಂಜಿಬಿ ಕಾರಿನ ಲೋಬ್ ಆಕಾರ ಕೊಟ್ಟು, ಒಂದು ಚೀಟಿಯಲ್ಲಿ 16-56-51-21 ಎಂದು ಗೀಚಿ ಕಳಿಸಿದ್ದಾರೆ. ಕ್ರ್ಯಾಂಕಿಗೂ ಕ್ಯಾಮಿಗೂ ಚೈನು ಕೂಡಿಸುವ ಹಲ್ಲುಚಕ್ರಗಳ, ಅಂದರೆ ಸ್ಪ್ರಾಕೆಟ್‌ಗಳ ಜೋಡಿ ಬೇರೆ ಕಡೆಯಿಂದ ಬಂದದ್ದು. ಎರಡರಲ್ಲೂ ಜೋಡಣೆಯ ಗುರುತಿನ ಚುಕ್ಕೆ ಇದೆ. ಚುಕ್ಕೆ ಎದುರುಬದುರು ಇಟ್ಟು ಚೈನು ಹಾಕಿ ಮುಚ್ಚಿಬಿಡಲೇ? ಇನ್ನೊಂದು ಮಾತು: ಹೆಡ್ ಸ್ಕಿಮ್ ಮಾಡಿಸಿದ್ದೇನೆ, ಅಂದರೆ ತಳ ಸವೆಸಿ ಸಮ ಮಾಡಿಸಿದ್ದೇನೆ. ಅದರಿಂದ ಕ್ಯಾಮ್ ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಹೊತ್ತು) ಹಿಂದೆ ಬೀಳುತ್ತದೆ ಎಂದು ಒಬ್ಬರು ಹೆದರಿಸಿದ್ದಾರೆ.

ಹಳೇ ಗ್ಯಾರೇಜು:
ಮುಚ್ಚಿ ಓಡಿಸಿ. ನಾನು ಈ ಇಂಜಿನ್ ಎಷ್ಟು ಕಟ್ಟಿದ್ದೇನೋ ಲೆಕ್ಕವಿಲ್ಲ, ಒಮ್ಮೆಯೂ ಕ್ರ್ಯಾಂಕಿನ ಕೋನ ಅಳೆಯುವ ಡಿಗ್ರಿ ಚಕ್ರ ಮುಟ್ಟಿಲ್ಲ. ಅದು ರೇಸಿನವರ ಕೆಲಸ. ಟ್ಯಾಕ್ಸಿ ಓಡಿಸುವ ಗಾಡಿಗೆ ಜಾತಕ ಬರೆಸಬೇಕೇ?

ಡಯಲ್‌ಗೇಜು:
ಮೊದಲು ಹೆಡ್ಡಿನ ಭಯ ಬಿಡಿ. ಕ್ಯಾಮ್ ಹೆಡ್ಡಿನ ಮೇಲಿರುವ ಇಂಜಿನ್‌ಗಳಲ್ಲಿ ಹೆಡ್ ಸವೆಸಿದರೆ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗಿ ಟೈಮಿಂಗ್ ಸ್ವಲ್ಪ ಹಿಂದೆ ಬೀಳುವುದು ನಿಜ. ನಿಮ್ಮದು ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸದ ಬಿ-ಸೀರೀಸ್ ಇಂಜಿನ್. ಕ್ಯಾಮ್ ಬ್ಲಾಕಿನೊಳಗೇ ಇದೆ, ಪುಶ್‌ರಾಡ್ ಮೂಲಕ ವಾಲ್ವ್ ಎತ್ತುತ್ತದೆ. ಹೆಡ್ ಎಷ್ಟು ಸವೆದರೂ ಟೈಮಿಂಗ್ ಕದಲದು.

ಹಳೇ ಗ್ಯಾರೇಜು ಹೇಳಿದ್ದು ಒಂದು ಸಂದರ್ಭಕ್ಕೆ ಸರಿ: ಕ್ಯಾಮ್, ಸ್ಪ್ರಾಕೆಟ್, ಚೈನು ಮೂರೂ ಒಂದೇ ಕಾರ್ಖಾನೆಯ ಹೊಸ ಭಾಗಗಳಾಗಿದ್ದರೆ ಚುಕ್ಕೆ ಸಾಕು. ನಿಮ್ಮಲ್ಲಿ ಮೂರೂ ಮೂರು ಮನೆಯವು. ಲೋಬನ್ನು ಮತ್ತೆ ಗ್ರೈಂಡ್ ಮಾಡಿದವರು ಕೀ ಸೀಳಿಗೆ (ಸ್ಪ್ರಾಕೆಟ್ಟನ್ನು ಶಾಫ್ಟಿಗೆ ಕಚ್ಚಿಸುವ ಕೀ ಕೂರುವ ಜಾಗ) ಸರಿಯಾಗಿ ಕೋನ ಹಿಡಿದರೇ ಎಂಬುದನ್ನು ಚುಕ್ಕೆ ಹೇಳುವುದಿಲ್ಲ. ಅಲ್ಲೊಬ್ಬರು ಪಂಚ್ ಹೊಡೆದರು ಎನ್ನುವುದಷ್ಟೇ ಅದರ ಸಾಕ್ಷಿ.

ಚೀಟಿಯ ಅಂಕಿಗಳು ಎಂಜಿಬಿಯವೇ. ಇನ್‌ಲೆಟ್ ವಾಲ್ವ್ ಟಿಡಿಸಿಗೆ (ಪಿಸ್ಟನ್ ಮೇಲ್ತುದಿಯಲ್ಲಿರುವ ಸ್ಥಾನ) 16 ಡಿಗ್ರಿ ಮೊದಲು ತೆರೆದು, ಬಿಡಿಸಿ (ಕೆಳತುದಿ) ದಾಟಿ 56ಕ್ಕೆ ಮುಚ್ಚುತ್ತದೆ. ಎಕ್ಸಾಸ್ಟ್ ಬಿಡಿಸಿಗೆ 51 ಮೊದಲು ತೆರೆದು, ಟಿಡಿಸಿ ದಾಟಿ 21ಕ್ಕೆ ಮುಚ್ಚುತ್ತದೆ. 16, 180, 56 ಕೂಡಿಸಿದರೆ 252. ಅರ್ಧ 126, ಅದರಲ್ಲಿ 16 ಕಳೆದರೆ 110. ಅಂದರೆ ಇನ್‌ಲೆಟ್ ಲೋಬಿನ ತುದಿ ಟಿಡಿಸಿ ದಾಟಿ 110ಕ್ಕೆ ಬರಬೇಕು. ಎಕ್ಸಾಸ್ಟ್‌ಗೂ ಹೀಗೇ ಲೆಕ್ಕ ಹಾಕಿದರೆ ಟಿಡಿಸಿಗೆ 105 ಮೊದಲು.

ಅಳೆಯುವ ರೀತಿ: ಒಂದನೇ ಪಿಸ್ಟನ್ ಮೇಲೆ ಹೆಡ್ ಸ್ಟಡ್‌ಗಳಿಗೆ ಕಬ್ಬಿಣದ ಪಟ್ಟಿ ಬಿಗಿದು, ನಡುವೆ ಬೋಲ್ಟ್ ಇಳಿಸಿ. ಕ್ರ್ಯಾಂಕ್ ಒಂದು ಕಡೆ ತಿರುಗಿಸಿ ಪಿಸ್ಟನ್ ಬೋಲ್ಟಿಗೆ ತಗುಲಿದಾಗ ಚಕ್ರ ಓದಿ, ಇನ್ನೊಂದು ಕಡೆಯಿಂದಲೂ ತಾಗಿಸಿ ಓದಿ. ಎರಡರ ನಟ್ಟನಡುವೆ ನಿಜವಾದ ಟಿಡಿಸಿ. ಕಣ್ಣಳತೆಯಲ್ಲಿ ಹಿಡಿಯಬೇಡಿ, ಮೇಲ್ತುದಿಯಲ್ಲಿ ಪಿಸ್ಟನ್ ಕೆಲವು ಡಿಗ್ರಿವರೆಗೆ ನಿಂತಂತೆಯೇ ಕಾಣುತ್ತದೆ. ಪಟ್ಟಿ ಬಿಚ್ಚಿ, ಪುಶ್‌ರಾಡ್ ನೇರಕ್ಕೆ ಡಯಲ್ ಗೇಜ್ (ಸಣ್ಣ ಚಲನೆ ಅಳೆಯುವ ಮುಳ್ಳಿನ ಮಾಪಕ) ಕೂರಿಸಿ. ಲೋಬಿನ ತುದಿಯೂ ಚಪ್ಪಟೆ, ಆದ್ದರಿಂದ ತುದಿಗಿಂತ 50 ಥೌ ಕೆಳಗೆ, ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಓದಿ ಸರಾಸರಿ ತೆಗೆಯಿರಿ.

ತುಕ್ಕುಬೋಲ್ಟ್:
ಭಾನುವಾರವೆಲ್ಲ ಇದರಲ್ಲೇ ಹೋಯಿತು. ಹಳೆಯ ಗಡಿಯಾರದ ತಗಡಿಗೆ ಡಿಗ್ರಿ ಚಕ್ರದ ಅಚ್ಚು ಅಂಟಿಸಿಕೊಂಡೆ, ಸೈಕಲ್ ಕಡ್ಡಿಯನ್ನು ಮುಳ್ಳು ಮಾಡಿಕೊಂಡೆ. ಏರುವಾಗ 79, ಇಳಿಯುವಾಗ 143, ಸರಾಸರಿ 111. ಒಂದೇ ಡಿಗ್ರಿ ವ್ಯತ್ಯಾಸ! ಆದರೆ ಸಂಜೆ ಮತ್ತೆ ಅಳೆದಾಗ ಏರುವಾಗ ಅದೇ 79, ಇಳಿಯುವಾಗ 151 ಬಂತು. ತಲೆ ಕೆಟ್ಟಿದೆ. ಹೊಸ ಚೈನು ಬಂದಿಲ್ಲ, ಸದ್ಯಕ್ಕೆ ಹಳೆಯದನ್ನೇ ಹಾಕಿದ್ದೇನೆ.

ಡಯಲ್‌ಗೇಜು:
ಬೆಳಿಗ್ಗೆ ಇಳಿಯುವ ಗುರುತನ್ನು ದಾಟಿ ಹೋಗಿ, ಸ್ಪ್ಯಾನರ್ ಹಿಂದಕ್ಕೆ ತಿರುಗಿಸಿ ಓದಿದಿರಿ ತಾನೆ?

ತುಕ್ಕುಬೋಲ್ಟ್:
ಹೌದು. ಹೇಗೆ ಗೊತ್ತಾಯಿತು?

ಡಯಲ್‌ಗೇಜು:
ಆ ಎಂಟು ಡಿಗ್ರಿ ನಿಮ್ಮ ಹಳೆಯ ಚೈನಿನ ಜೋಲು. ಹಿಂದೆ ತಿರುಗಿಸಿದಾಗ ಮೊದಲು ಸಡಿಲ ತುಂಬಬೇಕು, ಆಮೇಲೆ ಕ್ಯಾಮ್ ಅಲುಗುತ್ತದೆ. ಕ್ರ್ಯಾಂಕನ್ನು ಯಾವಾಗಲೂ ಇಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಗುರುತು ದಾಟಿದರೆ ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಸಂಜೆಯ ಸರಾಸರಿ 115 ನಿಜ, ಬೆಳಗಿನ 111 ಸುಳ್ಳು. ಆದರೆ ಚೈನು ಹಿಗ್ಗಿದಷ್ಟೂ ಕ್ಯಾಮ್ ಹಿಂದೆ ಬೀಳುವುದರಿಂದ, ಹೊಸ ಚೈನು ಬರುವ ತನಕ ಈ ಲೆಕ್ಕಕ್ಕೆ ಬೆಲೆಯಿಲ್ಲ. ಆಗ ಎಕ್ಸಾಸ್ಟನ್ನೂ ಅಳೆಯಿರಿ.

ತುಕ್ಕುಬೋಲ್ಟ್:
ಹೊಸ ಚೈನು ಹಾಕಿ ಮೂರು ಸಲ ಅಳೆದೆ. ಇನ್‌ಲೆಟ್ 78 ಮತ್ತು 150, ಅಂದರೆ 114. ಎಕ್ಸಾಸ್ಟ್ ಟಿಡಿಸಿಗೆ 101 ಮೊದಲು.

ಡಯಲ್‌ಗೇಜು:
ಒಳ್ಳೆಯ ಸುದ್ದಿ. ಎರಡೂ ಒಂದೇ ದಿಕ್ಕಿಗೆ ನಾಲ್ಕು ಡಿಗ್ರಿ ತಡ, ಅಂದರೆ ಲೋಬ್‌ಗಳ ನಡುವಿನ ಅಂತರ ಸರಿಯಾಗಿದೆ. ತಪ್ಪಿರುವುದು ಕೀ ಸೀಳಿನ ಕೋನ ಅಥವಾ ಸ್ಪ್ರಾಕೆಟ್. ಒಂದು ಲೋಬ್ ಮಾತ್ರ ಸರಿದಿದ್ದರೆ ಶಾಫ್ಟ್ ವಾಪಸ್ ಕಳಿಸಬೇಕಿತ್ತು.

ಹಲ್ಲು ಬದಲಿಸಿ ಸರಿಪಡಿಸಲು ಹೋಗಬೇಡಿ. ಕ್ಯಾಮ್ ಸ್ಪ್ರಾಕೆಟ್ಟಿಗೆ 40 ಹಲ್ಲಿದ್ದರೆ ಒಂದು ಹಲ್ಲೆಂದರೆ ಕ್ಯಾಮಿನಲ್ಲಿ 9 ಡಿಗ್ರಿ, ಕ್ರ್ಯಾಂಕಿನಲ್ಲಿ 18. ಬೇಕಾದದ್ದು ಆಫ್‌ಸೆಟ್ ವುಡ್‌ರಫ್ ಕೀ, ಅಂದರೆ ಸ್ಪ್ರಾಕೆಟ್ಟನ್ನು ಶಾಫ್ಟಿನ ಮೇಲೆ ಸ್ವಲ್ಪ ಸರಿಸಿ ಕೂರಿಸುವ ಕೀ. ಅಂಗಡಿಯವರು ಹೇಳುವ ಡಿಗ್ರಿ ಕ್ರ್ಯಾಂಕಿನದೋ ಕ್ಯಾಮಿನದೋ ಎಂದು ಬಿಡದೆ ಕೇಳಿ. ಕ್ರ್ಯಾಂಕಿನ 4 ಅಂದರೆ ಕ್ಯಾಮಿನ 2. ಕೀಯನ್ನು ತಿರುವುಮುರುವು ಹಾಕಿದರೆ ಅಳತೆ 118ಕ್ಕೆ ಹೋಗುತ್ತದೆ, ಆಗ ತಿರುಗಿಸಿ ಹಾಕಿದರಾಯಿತು.

ಹಳೇ ಗ್ಯಾರೇಜು:
ನಾಲ್ಕು ಡಿಗ್ರಿಗೆ ಇಂಜಿನ್ ಒಡೆಯುವುದಿಲ್ಲ, ಹಾಗೆಯೇ ಓಡುತ್ತಿತ್ತು.

ಡಯಲ್‌ಗೇಜು:
ಓಡುತ್ತಿತ್ತು, ಒಪ್ಪುತ್ತೇನೆ. ಆದರೆ ಇನ್‌ಲೆಟ್ 56ರ ಬದಲು 60ಕ್ಕೆ ಮುಚ್ಚಿದರೆ ನಿಧಾನದ ಓಟದಲ್ಲಿ ಒಳಗೆ ಬಂದ ಗಾಳಿ ಸ್ವಲ್ಪ ವಾಪಸ್ ಹೊರಗೆ ಹೋಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಐದು ಜನ ಕೂತ ಅಂಬಾಸಿಡರ್ ಎರಡನೇ ಗೇರಿನಲ್ಲಿ ಉಸಿರು ಕಟ್ಟುವುದು ಅಲ್ಲೇ. ಆಮೇಲೆ ಕಾರ್ಬ್ಯುರೇಟರನ್ನು ಬೈಯುತ್ತಾ ಜೆಟ್ ಬದಲಿಸುತ್ತಾ ಕೂರಬೇಕಾಗುತ್ತಿತ್ತು.

ತುಕ್ಕುಬೋಲ್ಟ್:
ಕೀ ಬಂತು. ಮೊದಲ ಸಲ ಉಲ್ಟಾ ಹಾಕಿದೆ, ನೀವು ಹೇಳಿದ 118 ಬಂತು! ತಿರುಗಿಸಿದ ಮೇಲೆ ಇನ್‌ಲೆಟ್ 110, ಎಕ್ಸಾಸ್ಟ್ 105. ವಾಲ್ವ್ ಪಿಸ್ಟನ್ನಿಗೆ ತಾಗುತ್ತದೆಯೇ ಎಂದು ನೋಡಲು ಪಿಸ್ಟನ್ ಮೇಲೆ ಮಕ್ಕಳ ಆಟದ ಜೇಡಿಮಣ್ಣು ಮೆತ್ತಿ, ಹೆಡ್ ಬಿಗಿದು ಎರಡು ಸುತ್ತು ತಿರುಗಿಸಿ ಬಿಚ್ಚಿದೆ. ಅತಿ ತೆಳುವಾದ ಕಡೆಯೂ 4 ಮಿಲಿಮೀಟರ್ ಇದೆ.

ಡಯಲ್‌ಗೇಜು:
ಇನ್‌ಲೆಟ್‌ಗೆ 2, ಎಕ್ಸಾಸ್ಟ್‌ಗೆ 2.5 ಮಿಲಿಮೀಟರ್ ಇದ್ದರೆ ಸಾಕು, ನಿಮಗೆ ಧಾರಾಳವಾಗಿದೆ. ಇಷ್ಟು ಸಲ ತಿರುಗಿಸಿದ್ದರಿಂದ ಲೋಬ್ ಸವೆಯದಂತೆ ಹಚ್ಚಿದ ಪೇಸ್ಟ್ ಒರೆಸಿಹೋಗಿರುತ್ತದೆ, ಮತ್ತೆ ಹಚ್ಚಿ. ಸ್ಟಾರ್ಟ್ ಆದ ಕೂಡಲೇ ಐಡಲಿನಲ್ಲಿ ಬಿಡದೆ 2000 ಆರ್‌ಪಿಎಂ ಸುಮಾರಿನಲ್ಲಿ 20 ನಿಮಿಷ ಓಡಿಸಿ. ಅಂದ ಹಾಗೆ, ಟ್ಯಾಪೆಟ್‌ಗಳು (ಲೋಬಿಗೂ ಪುಶ್‌ರಾಡಿಗೂ ನಡುವಿನ ಭಾಗಗಳು) ಹೊಸವು ತಾನೆ?

ತುಕ್ಕುಬೋಲ್ಟ್:
ಹಳೆಯವನ್ನೇ ಸೀಮೆಎಣ್ಣೆಯಲ್ಲಿ ತೊಳೆದು ಹಾಕಿದ್ದೆ.

ಹಳೇ ಗ್ಯಾರೇಜು:
ಅಯ್ಯೋ, ತೆಗೆಯಿರಿ. ಹೊಸ ಲೋಬ್ ಮೇಲೆ ಹಳೆಯ ಟ್ಯಾಪೆಟ್ ಓಡಿಸಬಾರದು, ವಾರದಲ್ಲಿ ತಿಂದುಹಾಕುತ್ತದೆ. ಇದಕ್ಕೆ ಮಾತ್ರ ಯಾವ ಚಕ್ರವೂ ಬೇಡ.

ತುಕ್ಕುಬೋಲ್ಟ್:
ಎಂಟೂ ಹೊರಗೆ ತೆಗೆದಿಟ್ಟೆ. ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಹೋಗುತ್ತೇನೆ.