ಸ್ಟಾಕ್‌ಹೋಮ್‌ನ ಚಳಿಯಲ್ಲಿ ಹಳೆಯ ಮರದ ಹಾಯಿದೋಣಿ: ಪೂರ್ತಿ ಒಣಗಿಸಬೇಕೇ?

ಹೇಮಾವತಿ ದಡ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಹುಕಾಲ ಸಾಮಿಲ್ಲು ಮತ್ತು ಮರಗೆಲಸದ ಅಂಗಡಿ ನಡೆಸಿ, ಈಗ ಅದನ್ನು ತಮ್ಮನ ಮಗನ ಕೈಗೆ ಒಪ್ಪಿಸಿದ್ದೇನೆ. ಸ್ಟಾಕ್‌ಹೋಮ್‌ನಲ್ಲಿ ಉದ್ಯೋಗದಲ್ಲಿರುವ ನನ್ನ ಮಗ ಈ ಬೇಸಿಗೆಯಲ್ಲಿ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದಾನೆ. ನಾರ್ಡಿಕ್ ಫೋಕ್‌ಬೋಟ್ ಎಂಬ ಮಾದರಿ. ಇದರ ಮೊದಲ ದೋಣಿ 1942ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ನೀರಿಗಿಳಿಯಿತು. ಮಗ ಕೊಂಡಿರುವುದು 1950ರ ದಶಕದಲ್ಲಿ ಕಟ್ಟಿದ್ದು. ಉದ್ದ 7.68 ಮೀಟರ್, ಅಗಲ 2.20 ಮೀಟರ್, ಎರಡು ಟನ್ನಿಗೆ ತುಸು ಕಡಿಮೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾರ ಅಡಿಯ ಎರಕದ ಕಬ್ಬಿಣದ್ದೇ. ಓಕ್ ಮರದ ಪಕ್ಕೆಗಳ ಮೇಲೆ ಪೈನ್ ಹಲಗೆಗಳನ್ನು, ಹೆಂಚು ಹೊದಿಸಿದ ಹಾಗೆ, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಬರುವಂತೆ ಕೂರಿಸಿ ತಾಮ್ರದ ಮೊಳೆಗಳಿಂದ ಬಿಗಿದಿದ್ದಾರೆ.

ಅಕ್ಟೋಬರ್‌ನಲ್ಲಿ ದೋಣಿಯನ್ನು ಮೇಲೆತ್ತಿದರೆ ಏಪ್ರಿಲ್ ಕೊನೆಯವರೆಗೂ ಅದು ದಡದ ಮೇಲೆಯೇ ಇರಬೇಕು. ಫೆಬ್ರವರಿಯಲ್ಲಿ ನಾನೇ ಹೋಗಿ ಮಗನ ಜೊತೆ ದುರಸ್ತಿಗೆ ಕೂರಬೇಕೆಂದಿದ್ದೇನೆ. ಮರ ಚೆನ್ನಾಗಿ ಒಣಗಿರಬೇಕೆಂಬುದು ನಮ್ಮ ಕಸುಬಿನ ಮೊದಲ ಪಾಠ. ಆದ್ದರಿಂದ ಹೀಟರ್ ಇರುವ ಶೆಡ್ಡನ್ನು ಬಾಡಿಗೆಗೆ ಹಿಡಿದು ಚಳಿಗಾಲವಿಡೀ ಒಣಗಿಸಿ, ಸಂದುಗಳಿಗೆಲ್ಲ ಪುಟ್ಟಿ ತುಂಬಿ, ಹೊರಮೈಗೆ ಫೈಬರ್‌ಗ್ಲಾಸ್ ಹೊದಿಸಿದರೆ ಹೇಗೆ ಎಂಬುದು ನನ್ನ ಯೋಚನೆ. ಕೆಟ್ಟ ಹಲಗೆಗಳ ಜಾಗಕ್ಕೆ ಇಲ್ಲಿಂದಲೇ ತೇಗದ ತುಂಡುಗಳನ್ನು ಒಯ್ಯಬಹುದೇ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಗಿರಿಯ ತಪ್ಪಲು, ಚಿಕ್ಕಮಗಳೂರು

ಸರ್, ನಮಸ್ಕಾರ. ತೋಟ ನೋಡಿಕೊಳ್ಳಲು ಊರಿಗೆ ಮರಳುವ ಮೊದಲು ನಾನು ಗೋಥೆನ್‌ಬರ್ಗ್‌ನಲ್ಲಿದ್ದೆ. ಅಲ್ಲಿ ಸ್ನೇಹಿತರೊಬ್ಬರೊಡನೆ ಪಾಲಿನಲ್ಲಿ ಇದೇ ಮಾದರಿಯ ದೋಣಿಯನ್ನು ಇಟ್ಟುಕೊಂಡಿದ್ದೆ. ದಯವಿಟ್ಟು ಬಿಸಿ ಶೆಡ್ಡಿನ ಯೋಚನೆಯನ್ನು ಕೈಬಿಡಿ.

ಬಾಗಿಲಿನ ಮರಕ್ಕೆ ನೀವು ಹೇಳುವ ಪಾಠ ಸರಿಯೇ. ಆದರೆ ಈ ಹಲಗೆಗಳು ನೀರು ಕುಡಿದು ಉಬ್ಬಿದ ಸ್ಥಿತಿಯಲ್ಲಿ ಒಂದಕ್ಕೊಂದು ಬಿಗಿಯಾಗಿ ಕೂರಲೆಂದೇ ಜೋಡಿಸಿದವು. ಸ್ವೀಡನ್ನಿನ ಚಳಿಗಾಲದ ಹೊರಗಾಳಿ ತಣ್ಣಗಿದ್ದರೂ ಒಣಗಾಳಿಯಲ್ಲ. ಅದರಲ್ಲಿ ಮಳೆ ತಾಗದಂತೆ ಇಟ್ಟ ಮರದ ತೇವಾಂಶ ಶೇಕಡಾ 18ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ಗಾಳಿಯನ್ನು ಶೆಡ್ಡಿನೊಳಗೆ 20 ಡಿಗ್ರಿಗೆ ಕಾಯಿಸಿದರೆ ಅದು ಮರದ ನೀರನ್ನೆಲ್ಲ ಹೀರಲು ತೊಡಗಿ, ಚಳಿಗಾಲ ಮುಗಿಯುವಷ್ಟರಲ್ಲಿ ತೇವಾಂಶ ಶೇಕಡಾ 8ರವರೆಗೂ ಇಳಿಯಬಹುದು. ಆಗ 10 ಸೆಂಟಿಮೀಟರ್ ಅಗಲದ ಪೈನ್ ಹಲಗೆ, ಅದನ್ನು ಕೊಯ್ದಿರುವ ಬಗೆಗೆ ತಕ್ಕಂತೆ, ಒಂದರಿಂದ ಎರಡೂವರೆ ಮಿಲಿಮೀಟರ್‌ವರೆಗೆ ಕುಗ್ಗುತ್ತದೆ. ಎರಡೂ ಅಂಚುಗಳನ್ನು ಮೊಳೆ ಹಿಡಿದುಕೊಂಡಿರುವುದರಿಂದ ಹಲಗೆಗೆ ಸರಿಯಲು ಜಾಗವಿಲ್ಲ. ಮೊಳೆಗಳ ಸಾಲಿನಗುಂಟ ಉದ್ದಕ್ಕೆ ಸೀಳಿಕೊಳ್ಳುತ್ತದೆ. ಅರವತ್ತು, ಎಪ್ಪತ್ತು ವರ್ಷ ಸಮುದ್ರ ತಾಳಿಕೊಂಡ ದೋಣಿಗಳು ಒಂದೇ ಚಳಿಗಾಲ ಬೆಚ್ಚಗಿನ ಗೋದಾಮಿನಲ್ಲಿದ್ದು ಹೀಗೆ ಹಾಳಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪುಟ್ಟಿಯ ಅಪಾಯವೂ ಇದಕ್ಕೇ ಅಂಟಿಕೊಂಡಿದೆ. ಒಣಗಿ ಬಾಯಿಬಿಟ್ಟ ಸಂದಿಗೆ ಗಟ್ಟಿಯಾಗುವ ಪುಟ್ಟಿ ತುಂಬಿದರೆ, ವಸಂತದಲ್ಲಿ ಹಲಗೆ ಉಬ್ಬಿದಾಗ ಅದಕ್ಕೆ ಹೋಗಲು ಎಡೆಯಿಲ್ಲದೆ ಮೊಳೆಗಳನ್ನೇ ಕೀಳುತ್ತದೆ, ಇಲ್ಲವೇ ಪಕ್ಕೆಯನ್ನು ಮುರಿಯುತ್ತದೆ. ಅಂಚಿನ ಮೇಲೆ ಅಂಚು ಕೂರುವ ಈ ಬಗೆಯ ದೋಣಿಯ ಸಂದಿಗೆ ಏನನ್ನೂ ತುರುಕುವ ಪದ್ಧತಿಯಿಲ್ಲ. ಹಲಗೆಗಳನ್ನು ಅಂಚಿಗೆ ಅಂಚು ತಾಗಿಸಿ ನುಣುಪು ಮೈ ಮಾಡಿದ ದೋಣಿಗಳಿಗೆ ಮಾತ್ರ ಹತ್ತಿಯ ಎಳೆ ಬಡಿದು ಮೇಲೆ ಪುಟ್ಟಿ ಕೊಡುತ್ತಾರೆ. ಫೈಬರ್‌ಗ್ಲಾಸ್ ಅಂತೂ ಬೇಡವೇ ಬೇಡ. ಮರ ಉಬ್ಬಿ ಕುಗ್ಗುತ್ತದೆ, ಫೈಬರ್‌ಗ್ಲಾಸ್ ಅಲುಗುವುದಿಲ್ಲ. ನಡುವೆ ಸೇರಿದ ನೀರಿಗೆ ಹೊರಬರಲು ದಾರಿಯಿಲ್ಲದೆ ಮರ ಒಳಗೊಳಗೇ ಲಡ್ಡಾಗುತ್ತದೆ, ಅದೂ ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ.

ಹಾಗಾದರೆ ಚಳಿಗಾಲದಲ್ಲಿ ಮಾಡಬೇಕಾದದ್ದು ಏನೆಂದರೆ, ದೋಣಿಯನ್ನು ಹೊರಗೇ ನಿಲ್ಲಿಸಿ, ಮೇಲೆ ಕಡಿದಾದ ಇಳಿಜಾರಿನ ಚೌಕಟ್ಟು ಕಟ್ಟಿ, ಹಿಮ ನಿಲ್ಲದೆ ಜಾರುವಂತೆ ಟಾರ್ಪಾಲು ಹೊದಿಸುವುದು. ಮುಂದೆ ಹಿಂದೆ ಎರಡೂ ಕಡೆ ಗಾಳಿಗೆ ದಾರಿ ಬಿಡಬೇಕು. ಒಳಗಿನ ನೆಲಹಲಗೆ, ಕಪಾಟಿನ ಬಾಗಿಲು, ಹಾಸಿಗೆಗಳನ್ನೆಲ್ಲ ತೆಗೆದಿಡಬೇಕು. ದೋಣಿಯ ಭಾರವೆಲ್ಲ ಅಡಿಯ ಕಬ್ಬಿಣದ ಮೇಲೆಯೇ ಕೂರಲಿ. ಪಕ್ಕದ ಆಧಾರಗಳು ಅದು ವಾಲದಂತೆ ತಡೆಯಲಷ್ಟೇ ಇರಲಿ. ಶೂನ್ಯದ ಹತ್ತಿರದ ಚಳಿಯಲ್ಲಿ ಮರ ತಿನ್ನುವ ಬೂಷ್ಟು ಬೆಳೆಯುವುದಿಲ್ಲವಾದ್ದರಿಂದ ಬರಿಯ ಚಳಿಗೆ ಅಂಜಬೇಕಿಲ್ಲ. ನಿಂತ ನೀರು ಮಾತ್ರ ಶತ್ರು: ಹೆಪ್ಪುಗಟ್ಟುವಾಗ ಅದು ಶೇಕಡಾ 9ರಷ್ಟು ಹಿಗ್ಗಿ ಬಿರುಕನ್ನು ಅಗಲಿಸುತ್ತದೆ. ಎಂಜಿನ್ ಇದ್ದರೆ ಅದರ ತಂಪುನೀರಿನ ಕೊಳವೆಗಳನ್ನೂ ತೂಬುಗಳನ್ನೂ ಮೊದಲ ಹಿಮಕ್ಕೆ ಮುಂಚೆಯೇ ಬರಿದು ಮಾಡಿಸಿ.

ಮೂಡಿಗೆರೆ ಮಳೆ

ತೇಗದ ಬಗ್ಗೆ ಒಂದು ಮಾತು. ನಮ್ಮ ತೇಗ ಚಳಿ ನೀರಿಗೆ ಹೆದರುವ ಮರವಲ್ಲ. 1817ರಲ್ಲಿ ಮುಂಬಯಿಯಲ್ಲಿ ಮಲಬಾರಿನ ತೇಗದಿಂದ ಕಟ್ಟಿದ ಎಚ್‌ಎಂಎಸ್ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಉಳಿದಿದೆ. ನಮ್ಮ ಘಟ್ಟದ, ಸುರಹೊನ್ನೆಯ ಜಾತಿಗೆ ಸೇರಿದ ನೀಳ ಮರಗಳನ್ನು ಹಾಯಿಕಂಬಕ್ಕೆಂದು ಪೂನ್‌ಸ್ಪಾರ್ ಹೆಸರಿನಲ್ಲಿ ಹಡಗು ಕಟ್ಟುವವರಿಗೆ ಮಾರುತ್ತಿದ್ದರು. ಆದರೂ ಪೈನ್ ಮೈಯ ನಡುವೆ ಒಂದೆರಡು ತೇಗದ ಹಲಗೆ ಸೇರಿಸುವುದು ನನಗೆ ಸರಿಕಾಣುವುದಿಲ್ಲ. ತೇಗ ಬಹಳ ಕಡಿಮೆ ಉಬ್ಬುತ್ತದೆ, ತೂಕ ಹೆಚ್ಚು, ಮೈಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಿಡಿಯುವುದೂ ಕಷ್ಟ. ದೋಣಿ ಯಾವ ಮರದ್ದೋ ಅದೇ ಮರದ, ಅಲ್ಲಿನ ಹವೆಯಲ್ಲೇ ಹದಗೊಂಡ, ಚೇಗು ತುಂಬಿದ, ಗಂಟಿಲ್ಲದ ಹಲಗೆಯನ್ನು ಅಲ್ಲೇ ಹುಡುಕಿ. ಜೋಡಿಸುವಾಗ ಓರೆಯ ಕೂಡಿನ ಉದ್ದ ಹಲಗೆಯ ದಪ್ಪದ ಎಂಟರಷ್ಟಾದರೂ ಇರಲಿ.

ಹಾಸನದ ಹುಡುಗ, ಸ್ಟಾಕ್‌ಹೋಮ್

ಅಂಕಲ್, ನಾನು ಇದೇ ಊರಿನಲ್ಲಿದ್ದೇನೆ. ಬಾಲ್ಟಿಕ್ ಸಮುದ್ರದ ಸ್ವಭಾವವನ್ನು ತಿಳಿದುಕೊಂಡರೆ ದುರಸ್ತಿಯನ್ನು ಎಲ್ಲಿಂದ ಶುರುಮಾಡಬೇಕೆಂಬುದು ಗೊತ್ತಾಗುತ್ತದೆ. ಮಹಾಸಾಗರದ ಒಂದು ಲೀಟರ್ ನೀರಿನಲ್ಲಿ 35 ಗ್ರಾಂ ಉಪ್ಪಿದ್ದರೆ ಇಲ್ಲಿ ಸುಮಾರು 6 ಗ್ರಾಂ ಮಾತ್ರ. ಅದರಿಂದಾಗಿ ಮರ ಕೊರೆಯುವ ಹಡಗುಹುಳು ಇಲ್ಲಿ ಬದುಕುವುದಿಲ್ಲ. 1628ರಲ್ಲಿ ಇದೇ ಸ್ಟಾಕ್‌ಹೋಮ್‌ನಲ್ಲಿ ಮುಳುಗಿದ ವಾಸಾ ಎಂಬ ಯುದ್ಧನೌಕೆಯನ್ನು 1961ರಲ್ಲಿ ಬಹುಪಾಲು ಇಡಿಯಾಗಿಯೇ ಮೇಲೆತ್ತಲು ಇದೇ ಮುಖ್ಯ ಕಾರಣ. ಆದರೆ ಮರವನ್ನು ಕೊಳೆಯದಂತೆ ಕಾಯುವ ಉಪ್ಪೂ ಕಡಿಮೆ, ಮಳೆನೀರಿನಲ್ಲಂತೂ ಇಲ್ಲವೇ ಇಲ್ಲ. ಹೀಗಾಗಿ ಮೊದಲು ಡೆಕ್ಕಿನ ಅಂಚು, ಕ್ಯಾಬಿನ್ನಿನ ಮೂಲೆಗಳು, ಹಾಯಿಕಂಬದ ಬುಡದ ಸುತ್ತ ನೋಡಿ. ಮೇಲಿನಿಂದ ಇಳಿಯುವ ಮಳೆನೀರೇ ಹೆಚ್ಚು ಮರ ತಿಂದಿರುತ್ತದೆ.

ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ. ಆ ಕಾಲದ ಬಣ್ಣದಲ್ಲಿ ಸೀಸವಿರುತ್ತದೆ. ನೀರಿನ ಗೆರೆಯ ಕೆಳಗಿನ ಪದರಗಳಲ್ಲಿ, ಸ್ವೀಡನ್ 1989ರಲ್ಲಿ ಸಣ್ಣ ದೋಣಿಗಳಿಗೆ ನಿಷೇಧಿಸಿದ, ಪಾಚಿ, ಚಿಪ್ಪುಜೀವಿಗಳು ಅಂಟದಂತೆ ಬಳಿಯುತ್ತಿದ್ದ ತವರದ ವಿಷಬಣ್ಣವೂ ಉಳಿದಿರಬಹುದು. ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ಕೆರೆದು, ಸಿಪ್ಪೆಯನ್ನೆಲ್ಲ ಹಾಳೆಯ ಮೇಲೆ ಹಿಡಿದು ವಿಷತ್ಯಾಜ್ಯದ ಕೇಂದ್ರಕ್ಕೆ ಕೊಡಬೇಕು. ಇನ್ನು ಬಣ್ಣ, ವಾರ್ನಿಷ್, ಎಪಾಕ್ಸಿಗೆ ಸುಮಾರು 10 ಡಿಗ್ರಿಯಾದರೂ ಬೇಕಾಗುವುದರಿಂದ ಫೆಬ್ರವರಿ ಆ ಕೆಲಸದ ತಿಂಗಳಲ್ಲ. ಏಪ್ರಿಲ್‌ನಲ್ಲೂ ಬೆಳಗಿನ ಇಬ್ಬನಿ ಆರಿದ ಮೇಲೆ ಶುರುಮಾಡಿ, ಮಧ್ಯಾಹ್ನ ಮೂರರೊಳಗೆ ಬ್ರಷ್ ತೊಳೆದಿಡಬೇಕು.

ಹೇಮಾವತಿ ದಡ, ಹಾಸನ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಶೆಡ್ಡು, ಪುಟ್ಟಿ, ಫೈಬರ್‌ಗ್ಲಾಸ್ ಮೂರನ್ನೂ ಬಿಟ್ಟೆ. ಮಗ ನಿನ್ನೆ ನೆಲಹಲಗೆ ತೆಗೆದು ಫೋಟೊ ಕಳಿಸಿದ್ದಾನೆ. ಅಡಿಮರಕ್ಕೂ ಪಕ್ಕೆಗಳಿಗೂ ಅಡ್ಡಲಾಗಿ ಬಿಗಿದಿರುವ ಕಬ್ಬಿಣದ ಪಟ್ಟಿಗಳ ಸುತ್ತ ಓಕ್ ಮರ ಮಸಿ ಬಳಿದಂತೆ ಕಪ್ಪಾಗಿದೆ. ಅಲ್ಲಿ ದಬ್ಬಳ ಚುಚ್ಚಿದರೆ ಒಂದು ಬೆರಳಿನ ಅಗಲದಷ್ಟು ಜಾಗದಲ್ಲಿ ಮೆತ್ತಗೆ ಇಳಿಯುತ್ತದೆ, ಅದರಾಚೆ ಟಣ್ಣೆಂದು ತಡೆಯುತ್ತದೆಯಂತೆ. ಇದು ಪಕ್ಕೆಗಳನ್ನೆಲ್ಲ ಬದಲಿಸಬೇಕಾದ ಸೂಚನೆಯೇ?

ಗಿರಿಯ ತಪ್ಪಲು, ಚಿಕ್ಕಮಗಳೂರು

ಇಲ್ಲ ಸರ್. ಓಕ್ ಮರದ ಒಗರಿನ ಆಮ್ಲವೂ ಕಬ್ಬಿಣವೂ ತೇವದಲ್ಲಿ ಸೇರಿದರೆ ಮರ ಹೀಗೆ ಕಪ್ಪಾಗಿ ಮೆತ್ತಗಾಗುತ್ತದೆ, ಕಬ್ಬಿಣವೂ ಸವೆಯುತ್ತದೆ. ದಬ್ಬಳ ತಡೆದಲ್ಲಿಂದಾಚೆಗಿನ ಮರ ಗಟ್ಟಿಯಿದ್ದರೆ ಅದನ್ನು ಉಳಿಸಿಕೊಳ್ಳಿ. ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ, ತುಕ್ಕು ತೆಗೆಸಿ ಹೊಸದಾಗಿ ಸತು ಲೇಪ ಕೊಡಿಸಿ, ಅಥವಾ ಅದೇ ಅಳತೆಗೆ ಹೊಸದು ಮಾಡಿಸಿ ಮತ್ತೆ ಕೂರಿಸಿ. ಮುರಿದ ಪಕ್ಕೆಯ ಮಗ್ಗುಲಿಗೆ ಹಬೆಯಲ್ಲಿ ಬಗ್ಗಿಸಿದ ಹೊಸ ಪಕ್ಕೆಯನ್ನು ಜೊತೆಗೂಡಿಸಿ. ಅಕ್ಕಪಕ್ಕದ ಎರಡನ್ನು ಒಟ್ಟಿಗೆ ಬಿಚ್ಚಿದರೆ ದೋಣಿಯ ಆಕಾರವೇ ಸಡಿಲವಾಗುತ್ತದೆ, ಮತ್ತೆ ಅದನ್ನು ಮೊದಲಿನ ರೂಪಕ್ಕೆ ತರುವುದು ಬಹಳ ಕಷ್ಟ. ತಾಮ್ರದ ಮೊಳೆ ಹೊಡೆಯುವುದು ನಿಮ್ಮಂಥವರಿಗೆ ಬೇಗ ಕೈಗೆ ಹತ್ತುವ ಕೆಲಸ: ಹೊರಗಿನಿಂದ ಮಗ ಭಾರದ ಕಬ್ಬಿಣವನ್ನು ಮೊಳೆಯ ತಲೆಗೆ ಒತ್ತಿ ಹಿಡಿಯಲಿ, ನೀವು ಒಳಗಿನಿಂದ ಪುಟ್ಟ ಬಟ್ಟಲಿನಂಥ ತಾಮ್ರದ ಬಿಲ್ಲೆಯನ್ನು ತೊಡಿಸಿ, ತುದಿ ಕತ್ತರಿಸಿ, ಉರುಟು ಸುತ್ತಿಗೆಯಿಂದ ಹಗುರವಾಗಿ ಸುತ್ತ ತಟ್ಟಿ ಮಡಿಸಿ. ಬಲವಾಗಿ ಹೊಡೆದರೆ ಮೊಳೆ ಮರದೊಳಗೇ ಬಾಗುತ್ತದೆ.

ಅಡಿಯ ಕಬ್ಬಿಣವನ್ನು ಹಿಡಿದಿರುವ ಬೋಲ್ಟುಗಳಲ್ಲಿ ಒಂದೆರಡನ್ನಾದರೂ ಈ ಚಳಿಗಾಲವೇ ಹೊರತೆಗೆದು ನೋಡಿ. ತಲೆಯೂ ನಟ್ಟೂ ಚೆನ್ನಾಗಿ ಕಂಡರೂ, ಮರವೂ ಕಬ್ಬಿಣವೂ ಕೂಡುವ ಸಂದಿನಲ್ಲಿ ಬೋಲ್ಟಿನ ಸೊಂಟ ಸವೆದಿರಬಹುದು. ಹಣದ ಮಿತಿಯಿದ್ದರೆ ವಾರ್ನಿಷನ್ನು ಮುಂದಿನ ವರ್ಷಕ್ಕೆ ಬಿಡಿ, ಇದನ್ನು ಬಿಡಬೇಡಿ.

ಏಪ್ರಿಲ್‌ನಲ್ಲಿ ನೀರಿಗಿಳಿಸುವ ಮುನ್ನ ಕೆಲವು ದಿನ ಒಳಗೆ ಒದ್ದೆ ಗೋಣಿ ಹಾಸಿಡಿ. ಇಳಿಸಿದ ದಿನ ಹಲಗೆಗಳ ಅಂಚಿನಿಂದ ನೀರು ಜಿನುಗುವುದನ್ನು ಕಂಡು ಗಾಬರಿಯಾಗಬೇಡಿ. ಕ್ರೇನಿನ ಪಟ್ಟಿಯಲ್ಲೇ ರಾತ್ರಿ ತೂಗುಬಿಡಲು ದೋಣಿಕಟ್ಟೆಯವರೊಡನೆ ಮೊದಲೇ ಮಾತಾಡಿ, ಎರಡು ಪಂಪುಗಳನ್ನು ಸಿದ್ಧವಾಗಿಡಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮರ ಉಬ್ಬಿ ಜಿನುಗು ನಿಲ್ಲುತ್ತದೆ. ಆಮೇಲೂ ಒಂದೇ ಜಾಗದಿಂದ ನೀರು ಬರುತ್ತಿದ್ದರೆ ಅಲ್ಲಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಫೋಟೊ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.