ಪದಚರ್ಚೆ: ‘ಪ್ರಾಯೋಜಿತ’ ಅಂದರೆ ಓದುವವರಿಗೆ ಏನು ತಿಳಿಯುತ್ತದೆ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಮೊಬೈಲ್‌ನಲ್ಲಿ ಕನ್ನಡ ಆರಿಸಿಕೊಂಡು ಏನಾದರೂ ಹುಡುಕಿದರೆ, ಮೇಲಿನ ಒಂದೆರಡು ಫಲಿತಾಂಶಗಳ ನೆತ್ತಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ’ ಅಂತ ಇರುತ್ತದೆ, ನೋಡಿರುತ್ತೀರಿ. ಯಾರೋ ದುಡ್ಡು ಕೊಟ್ಟು ಅದನ್ನು ಅಲ್ಲಿ ಹಾಕಿಸಿದ್ದಾರೆ ಅಂತ ಅದರ ಅರ್ಥ. ಆದರೆ ಈ ಪದ ಆ ಅರ್ಥವನ್ನು ಓದುವವರಿಗೆ ಮುಟ್ಟಿಸುತ್ತದೆಯೇ? ನಮ್ಮ ಕಡೆ ಮುಟ್ಟಿಸುತ್ತಿಲ್ಲ.

ನಮ್ಮದು ತೀರ್ಥಹಳ್ಳಿ ಹತ್ತಿರದ ಊರು. ಹೋದ ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಹೊಡೆಯುವ ಬೋರ್ಡೋ ದ್ರಾವಣವನ್ನು ಮೊದಲ ಸಲ ಹೊಡೆದು 45 ದಿನ ಕಳೆದರೂ ಎರಡನೇ ಸಲಕ್ಕೆ ಮಳೆ ಬಿಡಲಿಲ್ಲ. ಒಂದು ದಿನ ಹೊಳವಾಯಿತು ಅಂದರೆ ಅವತ್ತು ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಸಿಗಲಿಲ್ಲ. ಪಕ್ಕದ ತೋಟದ ಅಣ್ಣಯ್ಯನ ಮರಗಳ ಬುಡದಲ್ಲಿ ಎಳೆ ಅಡಿಕೆ ಉದುರಿ ಬಿದ್ದಿತ್ತು. ಒಂದನ್ನು ಎತ್ತಿ ನೋಡಿದೆ. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡು ಹಸಿರು ಕಲೆ, ಅದರ ಮೇಲೆ ಬಿಳಿ ಬೂಷ್ಟು. ಕೊಳೆ ಬಂದಾಗಿತ್ತು.

ಅವರು ಆ ರಾತ್ರಿಯೇ ಮೊಬೈಲ್‌ನಲ್ಲಿ ‘ಅಡಿಕೆ ಕೊಳೆ ಔಷಧಿ’ ಅಂತ ಹುಡುಕಿ, ಮೊದಲು ಕಂಡದ್ದನ್ನೇ ತರಿಸಿದ್ದರು. ಸಣ್ಣ ಬಾಟಲಿ, ಬೆಲೆ ಜಾಸ್ತಿ. ಕೊಳೆ ನಿಲ್ಲಲಿಲ್ಲ. ಆ ಔಷಧಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಇಲ್ಲಿಯ ಮಾತಲ್ಲ, ರೋಗ ಅಷ್ಟು ಏರಿದ ಮೇಲೆ ಯಾವುದು ಹೊಡೆದರೂ ಕಷ್ಟವೇ. ಆದರೆ ಅದೇ ಪುಟದಲ್ಲಿ ಸ್ವಲ್ಪ ಕೆಳಗೆ ತೋಟಗಾರಿಕೆಯವರ ಮಾಹಿತಿ ಇತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅನ್ನುವ ಬೋರ್ಡೋ ಲೆಕ್ಕದಿಂದ ಹಿಡಿದು ಕೊಳೆ ಬಂದ ಮೇಲೆ ಏನು ಮಾಡಬೇಕು ಅನ್ನುವವರೆಗೆ ಎಲ್ಲ ಇತ್ತು. ‘ಮೊದಲಿಂದು ಜಾಹೀರಾತು, ಗೊತ್ತಾಗ್ಲಿಲ್ವಾ ಅಣ್ಣಯ್ಯ?’ ಅಂತ ಕೇಳಿದೆ. ಅವರು ಮೊಬೈಲ್ ತಿರುಗಿಸಿ ಆ ಪದಕ್ಕೆ ಬೆರಳಿಟ್ಟು ತೋರಿಸಿದರು. ‘ಪ್ರಯೋಜನ ಆಗಿದ್ದು ಅಂತ ಬರ್ದಿದಾರಲ್ಲ ಮಾರಾಯ. ಬೇರೆಯವರಿಗೆ ಪ್ರಯೋಜನ ಆಗಿದೆ ಅಂತಲೇ ಅಲ್ವಾ?’

ನನಗೆ ಮಾತೇ ಹೊರಡಲಿಲ್ಲ. ಅವರು ಓದಿದ್ದರಲ್ಲಿ ತಪ್ಪೇನಿದೆ? ಎರಡೂ ಪದ ಹುಟ್ಟಿದ್ದು ಒಂದೇ ಸಂಸ್ಕೃತ ಧಾತುವಿನಿಂದ. ‘ಪ್ರಯೋಜನ’ ನಮಗೆ ದಿನಾ ಬಾಯಲ್ಲಿ ಬರುವ ಮಾತು. ‘ಪ್ರಾಯೋಜಿತ’ ಹಾಗಲ್ಲ. ಗೊತ್ತಿಲ್ಲದ ಪದ ಕಂಡಾಗ ಯಾರಾದರೂ ಗೊತ್ತಿರುವ ಪದದ ಮೇಲೆಯೇ ಕಾಲೂರುತ್ತಾರೆ. ಆಮೇಲೆ ಮನೆಗೆ ಬಂದ ಇನ್ನೂ ಮೂರು ನಾಲ್ಕು ಜನರಿಗೆ ಅದೇ ಪದ ತೋರಿಸಿ ಕೇಳಿದೆ. ಇಬ್ಬರು ‘ಉಪಯೋಗಕ್ಕೆ ಬರುವಂಥದ್ದು’ ಅಂದರು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ‘ಪ್ರಯೋಗ ಮಾಡಿ ನೋಡಿದ್ದು’ ಅಂದಳು. ಇನ್ನೂ ಗಾಬರಿಯಾಯಿತು.

‘ಮೊದಲು’ ಅನ್ನುವುದಕ್ಕೂ ನಮ್ಮಲ್ಲಿ ಒಂದು ಅರ್ಥ ಇದೆ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಅಂತ ಅಡಿಕೆಯನ್ನು ದರ್ಜೆ ನೋಡಿ ಬೇರೆ ಬೇರೆ ಮಾಡುತ್ತಾರೆ. ಸರಕಿಗೆ ಮೇಲಿನ ಜಾಗ ಸಿಗುವುದು ಅದರ ಗುಣಕ್ಕೆ. ದುಡ್ಡು ಕೊಟ್ಟು ಗೊರಬಲನ್ನು ಸರಕಿನ ಸಾಲಿನಲ್ಲಿ ಇಡಿಸಲು ಆಗುವುದಿಲ್ಲ. ಹುಟ್ಟಿದಾಗಿನಿಂದ ಅಡಿಕೆ ಆರಿಸಿದವರು ಹುಡುಕಾಟದ ಪುಟವನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ. ಮೇಲಿದ್ದರೆ ಒಳ್ಳೆಯದೇ ಇರಬೇಕು ಅಂದುಕೊಳ್ಳುತ್ತಾರೆ.

ಹಾಗೆ ನೋಡಿದರೆ ಗೂಗಲ್ ಕಟ್ಟಿದ ಇಬ್ಬರೂ ಮೊದಲು ಹೇಳಿದ್ದು ಇದನ್ನೇ. ಜಾಹೀರಾತಿನ ಹಣದಿಂದ ನಡೆಯುವ ಹುಡುಕುತಾಣ ಹುಡುಕುವವರ ಅಗತ್ಯ ಬಿಟ್ಟು ಜಾಹೀರಾತು ಕೊಟ್ಟವರ ಕಡೆಗೇ ವಾಲುತ್ತದೆ ಅಂತ 1998ರಲ್ಲಿ, ವಿಶ್ವವಿದ್ಯಾಲಯದಲ್ಲಿದ್ದಾಗ, ತಮ್ಮ ಲೇಖನದಲ್ಲಿ ಬರೆದಿದ್ದರು. 2000ದಲ್ಲಿ ಅವರ ಕಂಪನಿಯೂ ಜಾಹೀರಾತು ಮಾರಲು ಶುರು ಮಾಡಿತು. 2002ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹುಡುಕುತಾಣದ ಕಂಪನಿಗಳಿಗೆ ಪತ್ರ ಬರೆದು, ಹಣ ಪಡೆದು ಹಾಕಿದ ಫಲಿತಾಂಶವನ್ನು ಎದ್ದು ಕಾಣುವ ಹಾಗೆ, ತಿಳಿಯುವ ಹಾಗೆ ಗುರುತಿಸಿ ಅಂತ ಹೇಳಿತು. 2013ರಲ್ಲಿ ಮತ್ತೆ ಬರೆಯಬೇಕಾಯಿತು. ಜಾಹೀರಾತಿಗೂ ಉಳಿದದ್ದಕ್ಕೂ ಇದ್ದ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಕಡಿಮೆಯಾಗುತ್ತಾ ಬಂದಿತ್ತು. ಎದ್ದು ಕಾಣುವುದು ಒಂದು, ತಿಳಿಯುವುದು ಇನ್ನೊಂದು. ಅಕ್ಷರ ದೊಡ್ಡದು ಮಾಡಿದರೆ ಮೊದಲನೆಯದು ಆಗುತ್ತದೆ. ಎರಡನೆಯದಕ್ಕೆ ಸರಿಯಾದ ಪದವೇ ಬೇಕು.

ನಮ್ಮ ದೇಶದಲ್ಲಿಯೂ 2023ರ ನವೆಂಬರ್‌ನಲ್ಲಿ ಗ್ರಾಹಕರ ರಕ್ಷಣೆಗೆ ಬಂದ ಮಾರ್ಗಸೂಚಿ, ಆನ್‌ಲೈನ್‌ನಲ್ಲಿ ದಾರಿ ತಪ್ಪಿಸುವ 13 ಬಗೆಗಳನ್ನು ಹೆಸರಿಸಿದೆ. ಅದರಲ್ಲಿ ಮಾರುವೇಷದ ಜಾಹೀರಾತೂ ಒಂದು. ‘ಮಾರುವೇಷ’ ಅನ್ನುವುದು ನಾನು ಹಾಕಿದ ಕನ್ನಡ. ತಿಳಿಯದ ಪದವೂ ಒಂದು ವೇಷವೇ ಅಂತ ನನಗೆ ಅನ್ನಿಸುತ್ತದೆ. ಬೇಕಂತಲೇ ಹಾಕಿದ್ದು ಅಂತ ಹೇಳುತ್ತಿಲ್ಲ. ಇಂಗ್ಲಿಷಿನ ‘ಸ್ಪಾನ್ಸರ್ಡ್’ಗೆ ನಿಘಂಟು ನೋಡಿ ಯಾರೋ ಬರೆದಿರಬಹುದು. ಆದರೆ ಕೋಟಿಗಟ್ಟಲೆ ಜನ ಓದುವ ಒಂದು ಪದವನ್ನು ನಾಲ್ಕು ಹಳ್ಳಿಯವರಿಗೆ ತೋರಿಸಿ ಕೇಳುವುದು ಆ ಕಂಪನಿಗಳ ಜವಾಬ್ದಾರಿ ಅಲ್ವಾ?

ಇನ್ನೊಂದು ತೊಡಕು. ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದವರಿಗೆ ‘ಈ ಕಾರ್ಯಕ್ರಮದ ಪ್ರಾಯೋಜಕರು’ ಅನ್ನುವುದು ಗೊತ್ತು. ಅಲ್ಲಿ ಪ್ರಾಯೋಜಕ ಅಂದರೆ ಖರ್ಚು ಹೊತ್ತು ನಮಗೊಂದು ಕಾರ್ಯಕ್ರಮ ಕೊಟ್ಟವನು. ಹರಕೆ ಹೊತ್ತು ಯಕ್ಷಗಾನದ ಆಟ ಆಡಿಸುವವರ ಹಾಗೆ. ದುಡ್ಡು ಅವರದು, ಆಟ ಊರಿಗೆಲ್ಲ. ಹುಡುಕಾಟದ ಪುಟದಲ್ಲಿ ಹಾಗಲ್ಲ. ಅಲ್ಲಿ ದುಡ್ಡು ಕೊಟ್ಟವನು ತನ್ನದನ್ನೇ ಮುಂದೆ ಇಡಿಸಿಕೊಳ್ಳುತ್ತಾನೆ. ಆ ಗೌರವದ ಹೆಸರು ಇವನಿಗೆ ಸಲ್ಲುವುದಿಲ್ಲ.

2021ರ ಜೂನ್ ನೆನಪಿದೆಯಲ್ಲ. ಭಾರತದ ಕೊಳಕು ಭಾಷೆ ಯಾವುದು ಅಂತ ಗೂಗಲ್‌ನಲ್ಲಿ ಕೇಳಿದರೆ ಕನ್ನಡ ಅಂತ ಉತ್ತರ ಬರುತ್ತಿತ್ತು. ನಾವೆಲ್ಲ ಸಿಟ್ಟಾದೆವು, ಸರ್ಕಾರವೂ ಮಾತಾಡಿತು. ಕಂಪನಿ ಅದನ್ನು ತೆಗೆದು ಕ್ಷಮೆ ಕೇಳಿತು. ಸಿಟ್ಟು ನ್ಯಾಯವಾದದ್ದೇ. ಅದರಲ್ಲಿ ಕಾಲುಭಾಗವನ್ನಾದರೂ, ಕನ್ನಡ ಓದುವವರಿಗೆ ದಿನವೂ ಎದುರಾಗುವ ಈ ಪದದ ಮೇಲೆ ತೋರಿಸಿದರೆ ಒಳ್ಳೆಯದು ಅಂತ ನನ್ನ ಆಸೆ.

ಈಗ ನನ್ನ ಪ್ರಶ್ನೆ. ಇದರ ಬದಲು ಏನು ಬರೆಯಬಹುದು? ‘ಜಾಹೀರಾತು’ ಸಾಕು ಅಂತ ನನಗೆ ಅನ್ನಿಸುತ್ತದೆ. ಪೇಪರ್ ಓದುವ, ಟಿವಿ ನೋಡುವ ಎಲ್ಲರಿಗೂ ಅದು ಗೊತ್ತು. ‘ಹಣ ಪಡೆದ ಜಾಹೀರಾತು’ ಅಂದರೆ ಇನ್ನೂ ಬಿಡಿಸಿ ಹೇಳಿದ ಹಾಗೆ, ಆದರೆ ಉದ್ದವಾಯಿತೇನೋ. ‘ಪೇಯ್ಡ್ ನ್ಯೂಸ್’ಗೆ ನಮ್ಮ ಪತ್ರಿಕೆಗಳು ‘ಕಾಸಿಗಾಗಿ ಸುದ್ದಿ’ ಅಂತ ಬರೆದವು, ಕೇಳಿದ ತಕ್ಷಣ ತಿಳಿಯುತ್ತದೆ. ಅಂಥದ್ದೊಂದು ಪುಟ್ಟ ಪದ ಯಾರಿಗಾದರೂ ಹೊಳೆಯುತ್ತದೆಯೇ? ಶಿರಸಿ, ಕೊಪ್ಪ, ಸಕಲೇಶಪುರದ ಕಡೆಯವರು ಮನೆಯ ಹಿರಿಯರಿಗೆ ‘ಪ್ರಾಯೋಜಿತ’ ತೋರಿಸಿ ಏನು ಅಂದರು ಅಂತ ಬರೆಯಿರಿ. ಉತ್ತರವನ್ನು ಅವರ ಮಾತಿನಲ್ಲೇ, ತಿದ್ದದೆ ಬರೆಯಿರಿ. ನಾಲ್ಕಾರು ಊರಿನದ್ದು ಸೇರಿದರೆ ಕಂಪನಿಗಳಿಗೆ ಕಳಿಸುವ ಪತ್ರ ನಾನು ಬರೆಯುತ್ತೇನೆ.